ಹಂಡೆಯಲ್ಲಿ ಬಂದ ಮೀನು

ಸಸ್ಯಾಹಾರಿ ಮನೆಯ ಸೊಸೆ ಮೀನಿನ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ಮನೆಯಲ್ಲಿ ಏನೇನು ಆಗಬಹುದೋ ಅದೆಲ್ಲವೂ ನಮ್ಮ ಮನೆಯಲ್ಲಿ ಆಯಿತು. 1993ರ ಮಾತು. ನಾನಾಗ ಸಿಂಧನೂರಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದೆ. ಎಂ.ಫಿಲ್. ಮಾಡಿಕೊಂಡರೆ ನೌಕರಿ ಗಟ್ಟಿಯಾಗುತ್ತದೆಂದು ಯಾರೋ ಹೇಳಿದರು. ವಿಷಯ ಕೇಳಿದ ನಮ್ಮ ಅತ್ತೆ ಊಟದ ತಾಟು ಸರಿಸಿ, "ಬರಿಯೂದ ಆದ್ರ ಬಸವಣ್ಣನ ಮ್ಯಾಲ ಬರಿಬಾರದೇನವಾ? ಮೀನ ಯಾಕ ಬೇಕಿತ್ತು ನಿನಗ?" ಎಂದರು. "ಅಂಬಿಗರ ಚೌಡಯ್ಯನವರೂ ಶರಣರೇ ಅಲ್ಲೇನ್ರೀ ಅತ್ತಿ, ಹೊಳಿ ದಾಟಸ್ತಿದ್ರು" ಎಂದೆ. ಈ ಉತ್ತರಕ್ಕೆ ಅವರ ಹತ್ತಿರ ಮಾತಿರಲಿಲ್ಲ. ಆದರೆ ಮರುದಿನದಿಂದ ಒಂದು ಕಾನೂನು ಜಾರಿಗೆ ಬಂತು. ಮೀನಿನವರ ಮನೆಗೆ ಹೋಗಿ ಬಂದ ದಿನ ನಾನು ಹಿತ್ತಲ ಬಾಗಿಲಿಂದ ಬಂದು, ಸೀರೆ ಬದಲಿಸಿ, ಮಿಂದು, ಆಮೇಲೆ ಅಡಿಗೆ ಮನೆಗೆ ಕಾಲಿಡಬೇಕು. ಎರಡು ವರ್ಷ ಹಾಗೇ ನಡೆಯಿತು.

ನನ್ನ ವಿಷಯ ತುಂಗಭದ್ರಾ ಯೋಜನೆ ಮತ್ತು ಒಳನಾಡು ಮೀನುಗಾರಿಕೆ. ಹೊಸ ತಂತ್ರಜ್ಞಾನ ಬಂದಾಗ ಹೊಳೆಯನ್ನು ನಂಬಿದವರ ಬದುಕು ಏನಾಯಿತು ಎನ್ನುವುದು ಪ್ರಶ್ನೆ. ತಂತ್ರಜ್ಞಾನವೆಂದರೆ ನನ್ನ ತಲೆಯಲ್ಲಿ ಇದ್ದದ್ದು ಅಣೆಕಟ್ಟು, ನೈಲಾನ್ ಬಲೆ, ಮಂಜುಗಡ್ಡೆ ಕಾರ್ಖಾನೆ, ಮೀನುಮರಿ ಕೇಂದ್ರ. 1945ರಲ್ಲಿ ಶುರುವಾದ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟರು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ನಮ್ಮ ಜೋಳದ ಸೀಮೆಯನ್ನು ಭತ್ತದ ಸೀಮೆ ಮಾಡಿತು. ಇದೆಲ್ಲ ಕಾಗದದ ಮೇಲೆ ಸುಲಭವಾಗಿ ಸಿಗುತ್ತಿತ್ತು. ನಾನು ಹುಟ್ಟಿದ್ದು ಮಸ್ಕಿಯಲ್ಲಿ. ಅಶೋಕನೆಂಬ ಹೆಸರು ಅವನದೇ ಶಾಸನದಲ್ಲಿ ಮೊದಲು ಸಿಕ್ಕಿದ್ದು ನಮ್ಮೂರ ಗುಡ್ಡದಲ್ಲಿ, 1915ರಲ್ಲಿ. ಹಾಗಾಗಿ ಬರೆದಿಟ್ಟದ್ದೇ ಇತಿಹಾಸ ಎನ್ನುವ ನಂಬಿಕೆ ನನಗೆ ತವರಿನ ಬಳುವಳಿ. ಆ ಅಶೋಕನೇ ಉತ್ತರದ ಕಂಬಗಳ ಮೇಲೆ ಕೆತ್ತಿಸಿದ ಐದನೆಯ ಶಾಸನದಲ್ಲಿ ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಬಾರದು ಎಂದಿದ್ದಾನೆ. ಬೆಸ್ತರ ಪಾಲಿನ ನೀರಿನ ಮಾತೂ ಅಲ್ಲಿ ಬರುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ಮೀನಿನವರ ಮೇಲೆ ಸರಕಾರದ ಕಣ್ಣು ಇತ್ತೆಂದು ನನ್ನ ಪ್ರಬಂಧದ ಮೊದಲ ಪುಟದಲ್ಲೇ ಜಂಬದಿಂದ ಬರೆದಿದ್ದೆ.

ಇನ್ನು ಆರ್.ಎಚ್. ಕ್ಯಾಂಪಿನ ಮಾತು. ಹೊರಗಿನವರಿಗೆ ಕ್ಯಾಂಪ್ ಎಂದರೆ ಡೇರೆ ನೆನಪಾಗಬಹುದು. ನಮ್ಮ ಕಡೆ ಕ್ಯಾಂಪ್ ಎಂದರೆ ಊರು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಹೊಲ ಕೊಂಡ ರೈತರು ಕಟ್ಟಿಕೊಂಡ ಊರುಗಳೆಲ್ಲ ಕ್ಯಾಂಪುಗಳೇ. ಆರ್.ಎಚ್. ಕ್ಯಾಂಪಿನವರು ಮಾತ್ರ ಕೊಂಡು ಬಂದವರಲ್ಲ, ತಂದು ಬಿಡಲ್ಪಟ್ಟವರು. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಲಿ ಕುಟುಂಬಗಳಿಗೆ ಸರಕಾರ ಇಲ್ಲಿ ಪುನರ್ವಸತಿ ಕೊಟ್ಟಿತು. ಆ ಇಂಗ್ಲಿಷ್ ಶಬ್ದದ ಎರಡಕ್ಷರವೇ ಈ ಆರ್.ಎಚ್. ಒಂದನೇ ನಂಬರು, ಎರಡನೇ ನಂಬರು ಎಂದು ಊರಿಗೆ ಹೆಸರಿನ ಬದಲು ಎಣಿಕೆ. ಹೆಚ್ಚಿನವರು ನಾಮಶೂದ್ರರು. ಹೊಲ ಮತ್ತು ನೀರು, ಎರಡೂ ಬಲ್ಲ ಜನ.

ಅಲ್ಲಿ ನನಗೆ ಮೊದಲು ಮಾತಿಗೆ ಸಿಕ್ಕಿದ್ದು ಒಬ್ಬ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ಓಣಿಯವರೆಲ್ಲ ಮಾಶಿ ಎನ್ನುತ್ತಿದ್ದರು. ನಮ್ಮ ಚಿಗವ್ವ, ದೊಡ್ಡವ್ವ ಇದ್ದ ಹಾಗೆ, ತಾಯಿಯ ಅಕ್ಕತಂಗಿಯರಿಗೆ ಅವರು ಮಾಶಿ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಆಕೆಯ ಕನ್ನಡ ಪಕ್ಕಾ ಸಿಂಧನೂರಿನದು, ಆದರೆ ಬಾಯಿ ಬಂಗಾಲದ್ದು. 'ವ' ಇದ್ದಲ್ಲಿ 'ಬ' ಬರುವುದು, 'ಅ' ಇದ್ದಲ್ಲಿ 'ಒ' ಬರುವುದು. ಬಲೆ ಎನ್ನುವುದು 'ಬೊಲೆ' ಆಗುತ್ತಿತ್ತು. ನಾನು ಹೋದಾಗ ಆಕೆ ಕುಕ್ಕರಗಾಲಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ನನ್ನ ಹೊಟ್ಟೆ ತೊಳೆಸಿತು, ಸುಳ್ಳು ಹೇಳಲಾರೆ. ಬೇರೆಲ್ಲಿ ನೋಡಬೇಕೆಂದು ತಿಳಿಯದೆ ಆಕೆಯ ಕಾಲಕೆಳಗಿನ ಸಾಧನ ನೋಡಿದೆ. ಮಣೆ, ಅದರ ಮೇಲೆ ಎದ್ದು ನಿಂತ ಬಾಗಿದ ಅಲಗು. ನಮ್ಮ ಈಳಿಗೆಮಣೆ! ಅವರು ಅದಕ್ಕೆ ಬೋಟಿ ಎನ್ನುತ್ತಾರೆ. ನಾವು ಬದನೆಕಾಯಿ ಹೆಚ್ಚುವ ಹಾಗೆ ಆಕೆ ಎರಡು ಕೈಯಲ್ಲಿ ಮೀನು ಹಿಡಿದು ಅಲಗಿಗೆ ಒತ್ತುತ್ತಿದ್ದಳು. ಅಂದು ರಾತ್ರಿ ಸ್ನಾನ ಮಾಡಿ ಒಳಗೆ ಬಂದು ಇದನ್ನು ಹೇಳಿದಾಗ ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಈಳಿಗೀ ಮ್ಯಾಲೆ ಕುಂತೇ ಹೆಚ್ತಾರೇನು?" ಎಂದು ಕೇಳಿದರು. "ಹೂಂ" ಎಂದೆ. "ಮತ್ತ ಅವರೂ ಗಿರಸ್ತರೇ ಬಿಡು" ಎಂದರು. ಹಿತ್ತಲ ಬಾಗಿಲಿನ ಕಾನೂನು ಮಾತ್ರ ರದ್ದಾಗಲಿಲ್ಲ.

ಮಾಶಿ ಖುಲ್ನಾ ಕಡೆಯವಳು. 1964ರ ಗಲಭೆಯಲ್ಲಿ ಗಂಡ, ಎರಡು ಮಕ್ಕಳೊಂದಿಗೆ ಗಡಿ ದಾಟಿದಳು. ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ಕೆಲವು ವರ್ಷ. ಆಮೇಲೆ ರೈಲು, ಆಮೇಲೆ ಲಾರಿ, ಆಮೇಲೆ ಈ ಎರೆಭೂಮಿ. ಇಳಿದವಳು ಮೊದಲು ಕೇಳಿದ್ದು "ನದಿ ಎಲ್ಲಿ?" ಎಂದು. ಯಾರೋ ಕಾಲುವೆ ತೋರಿಸಿದರಂತೆ. "ದಿದಿ, ಬೇಸಿಗೀಗೆ ಬಂದ್ ಮಾಡ್ತಾರೆ, ಅದೆಂಥಾ ನದಿ?" ಎಂದು ನನ್ನನ್ನೇ ಕೇಳಿದಳು. ಆದರೆ ಕಾಲುವೆ ಬಂದ್ ಆದಾಗಲೇ ಹೆಂಗಸರ ಸುಗ್ಗಿ. ತಗ್ಗಿನಲ್ಲಿ ನಿಂತ ನೀರಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನನ್ನು ಸೀರೆ ಒಡ್ಡಿ, ಬುಟ್ಟಿ ಕವುಚಿ ಹಿಡಿಯುತ್ತಿದ್ದರು. ಗಂಡಸರು ಹೊಲದಲ್ಲಿ, ಹೆಂಗಸರು ಕಾಲುವೆಯ ಕೆಸರಿನಲ್ಲಿ. ಮನೆ ಪಕ್ಕ ಹೊಂಡ ತೋಡಿದ್ದು, ಅವರ ಮಾತಿನಲ್ಲಿ ಪುಕುರ್, ಅದೂ ಗಂಡಹೆಂಡತಿ ಸೇರಿ. ಮನೆಯ ಗೋಡೆ ಪೂರ್ತಿ ಏಳುವ ಮೊದಲೇ ಹೊಂಡ ತಯಾರಾಗಿತ್ತಂತೆ.

ಎರಡು ವರ್ಷದಲ್ಲಿ ಆಕೆ ಹೇಳಿದ್ದು ಮೂರು ನೋಟ್‌ಬುಕ್ ತುಂಬಿತು. ಬಲೆಯ ಕಣ್ಣನ್ನು ಬೆರಳಿನಲ್ಲಿ ಅಳೆಯುವುದು, ಯಾವ ಮೀನಿಗೆ ಎಷ್ಟು ಬೆರಳು ಎಂಬುದು. ಹತ್ತಿಯ ದಾರದ ಬಲೆ ಕೊಳೆಯದಂತೆ ಗಾಬ್ ಎಂಬ ಹಣ್ಣಿನ ಒಗರು ರಸದಲ್ಲಿ ಅದ್ದಿ ಒಣಗಿಸುವುದು. ಇದು ಹೆಂಗಸರ ಕೆಲಸ, ಕೈಯೆಲ್ಲ ಕಪ್ಪು. ನೈಲಾನ್ ಬಂದು ಆ ಕಪ್ಪು ಹೋಯಿತು ಎಂದು ಹೇಳುವಾಗ ಆಕೆಗೆ ಖುಷಿಯೇ ಇತ್ತು. ಹಳೆಯದೆಲ್ಲ ಚೆಂದ ಎನ್ನುವ ಮನುಷ್ಯಳಲ್ಲ ಮಾಶಿ. ಒಮ್ಮೆ ನೀರುನಾಯಿಯ ವಿಷಯ ಬಂತು. ತುಂಗಭದ್ರೆಯ ನೀರುನಾಯಿ ಬಲೆ ಹರಿಯುತ್ತದೆಂದು ಹೊಳೆಯವರು ಬೈಯುವುದನ್ನು ಕೇಳಿದ್ದೆ. ಮಾಶಿ ಬಿದ್ದು ಬಿದ್ದು ನಕ್ಕಳು. ಅವರ ಸೀಮೆಯಲ್ಲಿ ಅದನ್ನು ಸಾಕಿ, ಪಳಗಿಸಿ, ಹಗ್ಗ ಕಟ್ಟಿ ನೀರಿಗಿಳಿಸುತ್ತಾರೆ. ಅದು ಸಂದುಗೊಂದಿಯ ಮೀನನ್ನು ಬಲೆಯ ಕಡೆ ಅಟ್ಟಿ ತರುತ್ತದೆ. ನಾವು ನಾಯಿ ಎನ್ನುವುದನ್ನು ಅವರು ಬೆಕ್ಕು ಎನ್ನುತ್ತಾರೆ, ಉದ್‌ಬಿಡಾಲ್ ಎಂದು. ಅದೇ ನೀರುನಾಯಿಗಾಗಿ 2015ರಲ್ಲಿ ನಮ್ಮ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯ ತನಕ ಸಂರಕ್ಷಣಾ ಪ್ರದೇಶ ಘೋಷಿಸಿದರು. ಆ ಸುದ್ದಿ ಓದಿದಾಗ ನನಗೆ ಮಾಶಿಯ ನಗುವೇ ಕೇಳಿಸಿತು.

ಇನ್ನೊಂದು ಹಂಡೆಯ ಸಂಗತಿ. ಮಾಶಿಯ ಅಜ್ಜ ಮೀನುಮರಿ ಸಾಗಿಸುವವನು. ಮಳೆಗಾಲದ ಮೊದಲ ಪ್ರವಾಹದಲ್ಲಿ ರೋಹು, ಕಟ್ಲಾ ನದಿಯಲ್ಲಿ ಮೊಟ್ಟೆಯಿಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಬಟ್ಟೆಯ ಬಲೆಯಲ್ಲಿ ಹಿಡಿದು ಮಣ್ಣಿನ ಹಂಡೆಗೆ ತುಂಬಿ, ರೈಲಿನಲ್ಲಿ ದೂರದ ಕೆರೆಗಳಿಗೆ ಒಯ್ಯುತ್ತಿದ್ದರು. ನೀರು ಅಲುಗದೆ ನಿಂತರೆ ಮರಿಗೆ ಉಸಿರಿಲ್ಲ. ಅದಕ್ಕೆ ದಾರಿಯುದ್ದಕ್ಕೂ, ರಾತ್ರಿಯೆಲ್ಲ, ಒಬ್ಬರಾದ ಮೇಲೆ ಒಬ್ಬರು ಹಂಡೆಯ ನೀರನ್ನು ಅಲುಗಿಸುತ್ತಲೇ ಇರಬೇಕು. ತೂಕಡಿಸಿದರೆ ಸಂಪಾದನೆ ಸತ್ತಿತು. ತೊಟ್ಟಿಲು ತೂಗಿದವರಿಗೆ ಇದು ಬೇರೆ ಹೇಳಬೇಕಾಗಿಲ್ಲ. ನಾನು ಇದನ್ನೆಲ್ಲ ಬರೆದುಕೊಂಡೆ, ದಿನಾಂಕ ಹಾಕಿದೆ. ಪ್ರಬಂಧದಲ್ಲಿ ಒಂದಕ್ಷರವೂ ಬರಲಿಲ್ಲ. ಪುಟ ಹೆಚ್ಚಾಗುತ್ತದೆ, ಇವು ಕಥೆಗಳು, ದಾಖಲೆಯಲ್ಲ ಎಂದು ನಾನೇ ತೀರ್ಮಾನಿಸಿದೆ. ನಾನು ಬರೆದ ವಾಕ್ಯ ಇದು: "ನಿರಾಶ್ರಿತರು ಬರಿಗೈಯಲ್ಲಿ ಬಂದಿದ್ದರಿಂದ ಮೀನುಗಾರಿಕೆಯ ತಂತ್ರಜ್ಞಾನವನ್ನು ಇಲ್ಲಿಗೆ ಬಂದ ನಂತರ ಇಲಾಖೆಯ ಮೂಲಕ ಪಡೆದರು."

ದಡೇಸುಗೂರಿನ ಹತ್ತಿರ ಹೊಳೆದಂಡೆಯ ಅಂಬಿಗೇರ ಅವ್ವನಿಗೂ ನಾನು ಇಷ್ಟೇ ನ್ಯಾಯ ಮಾಡಿದ್ದು. ಆಕೆಯ ಮನೆಯ ಮುಂದೆ ಹರಿಗೋಲು ಬೋರಲು ಹಾಕಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯೇಸ್ ಬುಟ್ಟಿಯಂಥ, ತೊಗಲು ಹೊದಿಸಿದ ಇದೇ ದೋಣಿಯಲ್ಲಿ ಜನ ಆನೆಗೊಂದಿಗೆ ದಾಟುತ್ತಾರೆಂದು ಬರೆದಿದ್ದಾನೆ. ಪಾಯೇಸನಿಗೆ ನನ್ನ ಪ್ರಬಂಧದಲ್ಲಿ ಅರ್ಧ ಪುಟ ಸಿಕ್ಕಿತು, ಹರಿಗೋಲಿಗೆ ಹಗ್ಗ ಬಿಗಿಯುತ್ತಿದ್ದ ಅವ್ವನಿಗೆ ಇಲ್ಲ. ಆಕೆ ಹರಗಿ ಮೀನಿನ ಮಾತಾಡುತ್ತಿದ್ದಳು. ಹುಲ್ಲು, ಪಾಚಿ ತಿನ್ನುವ ದೊಡ್ಡ ಮೀನು, ಈ ಹೊಳೆಯದೇ ಮೀನು. "ನಮ್ಮವ್ವ ಇದ್ದಾಗ ತೆಕ್ಕಿ ತುಂಬಾ ಹರಗಿ ಬರ್ತಿತ್ತ. ಡ್ಯಾಮ್ ಆದ ಮ್ಯಾಲ ಎಲ್ಲಿ ಹೋತೋ ಏನೋ. ಈಗ ಬರೇ ಕಟ್ಲಾ, ಕಟ್ಲಾ." ಹರಗಿ ಈಗ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಬಂಗಾಲಿಗಳ ಮೇಲೂ ಆಕೆಗೆ ಸಿಟ್ಟಿತ್ತು. ಕೆರೆಯ ಮೀನಿನ ಹರಾಜು ಬಂದರೆ ಅವರೂ ಬಂದು ನಿಲ್ಲುತ್ತಾರೆ ಎಂದು. "ಹೊಳಿ ನಮ್ಮದು, ನಾವು ಗಂಗಿ ಮಕ್ಕಳು. ಅವರ್ಯಾರು?" ಎಂದಳು. ಮುಂದಿನ ವಾರ ಮಾಶಿಗೆ ಇದನ್ನು ಹೇಳಿದಾಗ (ಹೇಳಬಾರದಿತ್ತು, ಆದರೂ ಹೇಳಿದೆ) ಆಕೆ ಸಿಟ್ಟಾಗದೆ ಇಷ್ಟೇ ಕೇಳಿದಳು. "ಹೊಳಿ ಅವರದು, ಸರಿ. ಮೀನು ಯಾರದು?"

ಆ ಪ್ರಶ್ನೆ ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಬಹಳ ಆಮೇಲೆ. ರೋಹು, ಕಟ್ಲಾ, ಮೃಗಾಲ್ ಮೂರೂ ಗಂಗೆಯ ಸೀಮೆಯ ಮೀನು. ಕೆರೆಯಲ್ಲಿ ದಪ್ಪಗೆ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹಾಗಾಗಿ ಮರಿಗೆ ಉತ್ತರದ ನದಿಗಳೇ ಗತಿಯಾಗಿದ್ದವು, ಮಾಶಿಯ ಅಜ್ಜನಂಥವರ ಹಂಡೆಯೇ ಗತಿಯಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಂದು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಇನ್ನೊಂದು ಮೀನಿಗೆ ಇಂಜೆಕ್ಷನ್ ಕೊಟ್ಟು, ಕಟ್ಟಿಹಾಕಿದ ನೀರಿನಲ್ಲೇ ಮೊಟ್ಟೆ ಇಡಿಸಿದರು. ಇವತ್ತು ನಮ್ಮ ಸಂತೆಯಲ್ಲಿ ಸಿಗುವ ಕಟ್ಲಾ ಆ ದಿನದ ಸಂತಾನ. ಅದಕ್ಕೇ ಈಗ ಜುಲೈ 10ನ್ನು ಮೀನುಕೃಷಿಕರ ದಿನ ಎಂದು ಆಚರಿಸುತ್ತಾರೆ. ಚೌಧುರಿಯವರೂ ಈಗಿನ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಸೀಮೆಯವರೇ. ಅಂದರೆ ಗಂಗೆಯ ಮೀನನ್ನು ಸರಕಾರ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತಂದು ನಮ್ಮ ಕೆರೆ ಕಾಲುವೆಗೆ ಬಿಟ್ಟಿತು, ಗಂಗೆಯ ಸೀಮೆಯ ಜನರನ್ನು ಲಾರಿಯಲ್ಲಿ ತಂದು ಎರೆಭೂಮಿಗೆ ಬಿಟ್ಟಿತು. ಮೀನು ಇಲಾಖೆಯ ಪುಸ್ತಕದಲ್ಲಿ ನಮ್ಮ ಮೀನಾಯಿತು.

2007ರಲ್ಲಿ ಒಂದು ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಸಿಬ್ಬಂದಿ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮಾಶಿಯ ಮೊಮ್ಮಗಳು. "ಮೇಡಂ, ನೀವು ನಮ್ಮ ಜನರ ಮ್ಯಾಲೆ ಬುಕ್ ಬರ್ದೀರಂತ. ಅದರಾಗ ನಮ್ಮ ಜಾತಿ, ನಮ್ಮ ಕಸುಬು ಬರ್ದೀರೇನ್ರೀ? ಒಂದು ಝೆರಾಕ್ಸ್ ಬೇಕಿತ್ತು." ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕು. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಮನವಿಗಳ ಜೊತೆ ಲಗತ್ತಿಸಲು ಊರಿನ ಹಿರಿಯರು ದಾಖಲೆ ಹುಡುಕುತ್ತಿದ್ದರು. ಒಬ್ಬ ಇತಿಹಾಸದ ಮೇಡಂ ಎರಡು ವರ್ಷ ಬಂದು ಕೂತು ಬರೆದುಕೊಂಡು ಹೋದದ್ದು ಅವರಿಗೆ ನೆನಪಿತ್ತು.

ಗ್ರಂಥಾಲಯದಿಂದ ಪ್ರಬಂಧ ತೆಗೆದು ನಾವಿಬ್ಬರೂ ಪುಟ ತಿರುವಿದೆವು. ನಾಮಶೂದ್ರ ಎಂಬ ಶಬ್ದ ಎಲ್ಲೂ ಇಲ್ಲ. ಎಲ್ಲ ಕಡೆ "ನಿರಾಶ್ರಿತರು". ಕೊನೆಗೆ ಹುಡುಗಿ ಆ ಬರಿಗೈ ವಾಕ್ಯದ ಮೇಲೆ ಬೆರಳಿಟ್ಟಳು. ಓದಿದಳು. "ಬರಿಗೈಲೆ ಬಂದಿಲ್ರೀ ಮೇಡಂ. ಅಜ್ಜಿ ಬೋಟಿ ತಂದಾಳ, ಬಲಿ ಹೆಣಿಯೋ ಸೂಜಿ ತಂದಾಳ" ಎಂದಳು. ಸಿಟ್ಟಿನ ದನಿಯಲ್ಲಲ್ಲ, ಕಾಗುಣಿತ ತಿದ್ದುವವರ ಹಾಗೆ. ಝೆರಾಕ್ಸ್ ಬೇಡವೆಂದು ಹೋದಳು.

ಆ ದಿನಗಳಲ್ಲೇ ಸಿಯಾಟಲ್‌ನಲ್ಲಿದ್ದ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಚಿಕ್ಕಂದಿನಿಂದ ನನ್ನ ಮೀನಿನ ಹುಚ್ಚು ಕಂಡವನು, ಅಲ್ಲಿನ ಮೂಲನಿವಾಸಿಗಳ ಮೀನಿನ ಹಕ್ಕಿನ ಪುಸ್ತಕ ತಂದುಕೊಟ್ಟ. ಕೊಲಂಬಿಯಾ ನದಿಯಲ್ಲಿ ಸೆಲಿಲೊ ಎಂಬ ಜಲಪಾತ. ಅಲ್ಲಿನವರು ಬಂಡೆಯ ಮೇಲೆ ಹಲಗೆ ಕಟ್ಟಿ ನಿಂತು, ಉದ್ದ ಕೋಲಿನ ಬಲೆಯಿಂದ ಸಾವಿರಾರು ವರ್ಷ ಸಾಲ್ಮನ್ ಮೀನು ಎತ್ತುತ್ತಿದ್ದರು. 1957ರ ಮಾರ್ಚ್ 10ರಂದು ಅಣೆಕಟ್ಟಿನ ಬಾಗಿಲು ಹಾಕಿದರು, ಕೆಲವೇ ತಾಸಿನಲ್ಲಿ ಜಲಪಾತ ಮುಳುಗಿತು. ಅಂಗುಲ್‌ನಲ್ಲಿ ಮೀನು ಮೊಟ್ಟೆ ಇಟ್ಟದ್ದೂ ಅದೇ ವರ್ಷ, ನಾಲ್ಕು ತಿಂಗಳಿಗೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. 1974ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಬೋಲ್ಟ್ ಎಂಬ ನ್ಯಾಯಾಧೀಶರು, 1850ರ ದಶಕದ ಒಪ್ಪಂದಗಳ ಪ್ರಕಾರ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅಲ್ಲಿನ ಮೂಲನಿವಾಸಿಗಳದು ಎಂದು ತೀರ್ಪು ಕೊಟ್ಟರು. ಆ ನ್ಯಾಯಾಲಯದಲ್ಲಿ ಗಟ್ಟಿ ಸಾಕ್ಷಿ ಹೇಳಿದವಳು ಬಾರ್ಬರಾ ಲೇನ್ ಎಂಬ ಮಾನವಶಾಸ್ತ್ರಜ್ಞೆ. ಒಪ್ಪಂದದ ಕಾಲದಲ್ಲಿ ಯಾವ ಪಂಗಡ ಯಾವ ನೀರಿನಲ್ಲಿ, ಹೇಗೆ ಮೀನು ಹಿಡಿಯುತ್ತಿತ್ತು ಎಂಬುದನ್ನು ಆಕೆ ಒಂದೊಂದಾಗಿ ಬರೆದು ಮುಂದಿಟ್ಟಿದ್ದಳು. ನಾನು ಕಥೆಯೆಂದು ಬಿಟ್ಟದ್ದನ್ನೇ ಆಕೆ ಬರೆದಿದ್ದಳು. ಪುಸ್ತಕ ಮುಚ್ಚಿ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಮೂರು ನೋಟ್‌ಬುಕ್‌ಗಳೂ ಇದ್ದವು. ಒಂದಕ್ಕೆ ಗೆದ್ದಲು ಅಂಚು ತಿಂದಿತ್ತು.

ಒಂದು ಹಳೆಯ ಎಂ.ಫಿಲ್. ಪ್ರಬಂಧದಿಂದ ಪಟ್ಟಿಗೆ ಹೆಸರು ಸೇರುತ್ತಿತ್ತೆಂಬ ಭ್ರಮೆ ನನಗಿಲ್ಲ. ಅದು ದೊಡ್ಡವರ ಕೆಲಸ. ಅಂಬಿಗೇರ ಅವ್ವನ ಜನರೂ ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿರೆಂದು ಎಷ್ಟೋ ವರ್ಷ ಕೇಳುತ್ತ ಬಂದವರು. ಹೊಳೆಯವರು, ಕ್ಯಾಂಪಿನವರು ಹರಾಜಿನಲ್ಲಿ ಎದುರುಬದುರಾದರೂ ಪಟ್ಟಿಯ ಬಾಗಿಲಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. 2019ರ ಪೌರತ್ವ ಕಾಯ್ದೆಯ ಅಡಿ ಸಿಂಧನೂರಿನ ಕೆಲವರಿಗೆ 2024ರಲ್ಲಿ ಪ್ರಮಾಣಪತ್ರ ಸಿಕ್ಕ ಸುದ್ದಿ ಬಂತು. ಕ್ಯಾಂಪಿಗೆ ಬಂದು ಅಷ್ಟು ವರ್ಷದ ಮೇಲೆ. ನಾನು ಮಾಡಬಹುದಾಗಿದ್ದು ನನ್ನ ವಾಕ್ಯ ತಿದ್ದುವುದು ಮಾತ್ರ.

ಆ ವರ್ಷದ ದಸರೆಯಲ್ಲಿ, ಕ್ಯಾಂಪಿನಲ್ಲಿ ದುರ್ಗಾಪೂಜೆಯ ಪೆಂಡಾಲು ಎದ್ದಿದ್ದಾಗ, ನೋಟ್‌ಬುಕ್ ಹಿಡಿದು ಹೋದೆ. ಅತ್ತೆಗೆ ಆಗ ಎಂಬತ್ತು ದಾಟಿತ್ತು. ಹೊರಡುವಾಗ, "ಆ ಈಳಿಗಿ ಮುದುಕಿ ಇದ್ದಾಳೇನ ಇನ್ನ? ಬರಿಗೈಲೆ ಹೋಗಬ್ಯಾಡ" ಎಂದು ಶೇಂಗಾದ ಹೋಳಿಗೆ ಕಟ್ಟಿಕೊಟ್ಟರು. ಮಾಶಿ ಹೊರಸಿನ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು. ನಾನು ಬರೆದುಕೊಂಡದ್ದನ್ನು ಓದಿ ಹೇಳಿದೆ. ಮೊಮ್ಮಗಳು ನಡುನಡುವೆ ಬಂಗಾಲಿಯಲ್ಲಿ ಬಿಡಿಸಿ ಹೇಳುತ್ತಿದ್ದಳು. ಬಲೆಯ ಕಣ್ಣಿನ ಲೆಕ್ಕದಲ್ಲಿ ಎರಡು ತಪ್ಪು ಹಿಡಿದಳು. ಹಂಡೆಯ ಮಾತು ಬಂದಾಗ, "ರಾತ್ರಿಯೆಲ್ಲ ಹಂಡೆ ಅಲುಗಿಸುತ್ತಿದ್ದರು" ಎಂದು ಓದಿದೆ. ಮಾಶಿ ಕೈ ಅಡ್ಡ ಹಿಡಿದಳು.

"ಹಂಡೆ ಅಲುಗಿಸೋದಲ್ಲ ದಿದಿ. ಹಂಡೆ ಅಲುಗಿಸಿದ್ರೆ ಮರಿ ಸಾಯ್ತಾವೆ. ನೀರು."

ಮೊಮ್ಮಗಳನ್ನು ಕರೆದು ಕೊಡದಲ್ಲಿ ಅರ್ಧ ನೀರು ತರಿಸಿದಳು. ಕೊಡವನ್ನು ಎರಡು ಕಾಲ ನಡುವೆ ಇಟ್ಟುಕೊಂಡು, ಬಲಗೈಯನ್ನು ಬಾಯೊಳಗೆ ಇಳಿಸಿ, ಬೆರಳು ಜೋಡಿಸಿ, ನೀರಿನ ಮೇಲೆ ಮೆಲ್ಲಗೆ ತಟ್ಟತೊಡಗಿದಳು. ತಟ್ಟುವ ಸದ್ದಿಗೆ ಒಂದು ಲಯವಿತ್ತು. ಆಮೇಲೆ ಕೊಡವನ್ನು ನನ್ನ ಕಡೆ ಸರಿಸಿದಳು. ನಾನು ಸೀರೆಯ ಸೆರಗು ಸಿಕ್ಕಿಸಿ ಕೆಳಗೆ ಕೂತೆ. ಮೊದಲ ಸಲ ನೀರು ಮುಖಕ್ಕೆ ಸಿಡಿಯಿತು. "ಮೆಲ್ಲಗೆ" ಎಂದಳು ಮಾಶಿ, "ಒಳಗೆ ಮರಿ ಇದೆ."